‘ಧೈರ್ಯ ತಗೋ’ ಅನ್ನೋದನ್ನ ಮೊದಲು ನಿಲ್ಸಿ

ಭಾಗ 1

ನನ್ನ ಪ್ರೊಫೈಲ್‌ನಲ್ಲಿ ಕೆಳಗಿನ ತನಕ ಸ್ಕ್ರೋಲ್ ಮಾಡಿ ನೋಡಿ. ಫ್ರೆಶರ್ಸ್ ಡೇ, ಕೊಂಡಜ್ಜಿ ಕೆರೆ ಟ್ರಿಪ್, ಅಕ್ಕನ ಮದುವೆ. ಒಂದು ಫೋಟೋದಲ್ಲಾದ್ರೂ ನಾನು ಬಾಯಿ ಬಿಟ್ಟು ನಕ್ಕಿದೀನಾ? ಇಲ್ಲ. "ನಿಂದು ಒಂಥರಾ ಮೋನಾಲಿಸಾ ಸ್ಮೈಲ್" ಅಂತ ಕ್ಲಾಸಲ್ಲಿ ಎಷ್ಟು ಜನ ಹೇಳಿದೀರಿ. ಸ್ಟೈಲೂ ಅಲ್ಲ, ಏನೂ ಅಲ್ಲ ಗುರು. ಬಾಯಿ ಬಿಟ್ರೆ ಕೆಳಗಿನ ದವಡೇಲಿ ಎರಡು ಹಲ್ಲು ಕಪ್ಪಗೆ ಕಾಣ್ತಿತ್ತು. ಅಷ್ಟೇ.

ಈಗ ಅದರಲ್ಲಿ ಒಂದು ಹಲ್ಲು ಇಲ್ಲ. ಇಪ್ಪತ್ತು ವರ್ಷಕ್ಕೇ ಒಂದು ದವಡೆ ಹಲ್ಲು ಕಳ್ಕೊಂಡಿದೀನಿ. ಚಾಕಲೇಟ್ ತಿಂದು ಹೋಯ್ತು ಅಂತ ಮನೇಲಿ ಹೇಳ್ತಾರೆ. ಹುಳುಕು ಹಿಡಿದಿದ್ದು ಚಾಕಲೇಟಿಂದ ಇರಬಹುದು. ಹಲ್ಲು ಹೋಗಿದ್ದು ಮಾತ್ರ ನಾನು ಎರಡು ವರ್ಷ ಡೆಂಟಿಸ್ಟ್ ಹತ್ರ ಹೋಗದೇ ಇದ್ದಿದ್ರಿಂದ. ಹೋಗದೇ ಇದ್ದಿದ್ದು ಹೆದರಿಕೆಯಿಂದ.

ಹೋದ ವಾರ ಇದನ್ನೇ ಒಂದು ಸಾಲು ಸ್ಟೋರಿ ಹಾಕಿದ್ದೆ. ಅರ್ಧ ಜನ "ನಂದೂ ಇದೇ ಕತೆ" ಅಂದ್ರಿ. ಇನ್ನರ್ಧ ಜನ "ಏನಾಗಲ್ಲ, ಧೈರ್ಯ ತಗೋ" ಅಂದ್ರಿ. ಮೊದಲನೇ ಅರ್ಧಕ್ಕೆ ಈ ಪೋಸ್ಟ್. ಎರಡನೇ ಅರ್ಧಕ್ಕೆ ಒಂದೇ ಮಾತು: ಪ್ರೀತಿಯಿಂದ ಹೇಳಿದೀರಿ, ಥ್ಯಾಂಕ್ಸ್, ಆದ್ರೆ ಆ ಮಾತಿಂದ ಯಾರಿಗೂ ಉಪಯೋಗ ಆಗಿದ್ದು ನಾನು ನೋಡಿಲ್ಲ. ಧೈರ್ಯ ಮೆಡಿಕಲ್ ಶಾಪಲ್ಲಿ ಸಿಗಲ್ಲ, ತಗೋ ಅಂದ ತಕ್ಷಣ ತಗೊಳ್ಳೋಕೆ.

ಭಾಗ 2

ನಾನು ಐದನೇ ಕ್ಲಾಸು. ಊರಿಂದ ಬಸ್ಸಲ್ಲಿ ಒಂದು ಕ್ಲಿನಿಕ್‌ಗೆ ಅಪ್ಪ ಕರ್ಕೊಂಡು ಹೋಗಿದ್ರು. ಕೆನ್ನೆ ಊದಿತ್ತು. ಇಂಜೆಕ್ಷನ್ ಹಾಕಿದ್ರು, ಹಾಕಿದ ಕೂಡಲೇ ಇಕ್ಕಳ ತಗೊಂಡ್ರು. ನನಗೆ ಪೂರ್ತಿ ಮರಗಟ್ಟಿರಲಿಲ್ಲ. ಹೇಳೋಣ ಅಂದ್ರೆ ಬಾಯಲ್ಲಿ ಅವರ ಕೈ ಇದೆ. ಕಾಲು ಒದ್ದೆ. "ಇಷ್ಟಕ್ಕೇ ಅಳ್ತೀಯಲ್ಲ, ನಾಚಿಕೆ ಆಗಲ್ವಾ? ಹಲ್ಲು ಉಜ್ಜೋಕೆ ಏನಾಗಿತ್ತು?" ಅಂದ್ರು. ಅಪ್ಪನೂ ನಕ್ಕುಬಿಟ್ರು.

ಆ ಡಾಕ್ಟರ್ ಕೆಟ್ಟವರು ಅಂತ ಇವತ್ತು ನನಗನ್ಸಲ್ಲ. ಹೊರಗೆ ಇಪ್ಪತ್ತು ಜನ ಕಾಯ್ತಿದ್ರು. ಆದ್ರೆ ನನಗೆ ಅವತ್ತಿನ ನೋವು ಈಗ ನೆನಪಿಲ್ಲ, ನಿಜವಾಗ್ಲೂ ಇಲ್ಲ. ನೆನಪಿರೋದು ಎರಡೇ: ನಾನು ಹೇಳೋದು ಯಾರಿಗೂ ಕೇಳಿಸ್ಲಿಲ್ಲ ಅನ್ನೋದು, ಆ ‘ನಾಚಿಕೆ ಆಗಲ್ವಾ’ ಅನ್ನೋದು.

ನಿಮ್ಮ ಹೆದರಿಕೆನೂ ಒಂದ್ಸಲ ಬಿಚ್ಚಿ ನೋಡಿ. ಕಾಲು ಮುರಿದಾಗ, ಡೆಂಗ್ಯೂ ಬಂದಾಗ ಎಷ್ಟು ಸೂಜಿ ಚುಚ್ಚಿಸ್ಕೊಂಡಿಲ್ಲ? ಕಿವಿ ಮೂಗು ಚುಚ್ಚಿಸ್ಕೊಂಡು ರೀಲ್ಸ್ ಹಾಕಿದವರೂ ಇದೀರಿ. ನೋವೊಂದೇ ಆಗಿದ್ರೆ ತಡ್ಕೋತೀವಿ. ಆ ಕುರ್ಚಿ ಬೇರೆ. ಮಲಗಿಸ್ತಾರೆ, ಕಣ್ಣಿಗೆ ಲೈಟ್ ಬಿಡ್ತಾರೆ, ಮಾತಾಡೋ ಬಾಯನ್ನೇ ಮೊದಲು ತುಂಬಿಸ್ತಾರೆ. ಏನು ನಡೀತಿದೆ ಅಂತ ಕಾಣಲ್ಲ, ಬರೀ ಸದ್ದು ಕೇಳತ್ತೆ. ಮೇಲಿಂದ, ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಬೈತಾರೇನೋ ಅನ್ನೋ ಅವಮಾನದ ಭಯ. ಬಿಲ್ ಎಷ್ಟಾಗತ್ತೋ ಅನ್ನೋದು ಇನ್ನೊಂದು. ಇದ್ಯಾವುದಕ್ಕೂ ‘ಧೈರ್ಯ’ ಔಷಧ ಅಲ್ಲ.

ಭಾಗ 3

ಈ ಭಾಗ ಸೇವ್ ಮಾಡಿ ಇಟ್ಕೊಳ್ಳಿ. ಇದು ಗೊತ್ತಿದ್ದಿದ್ರೆ ನನ್ನ ಹಲ್ಲು ಉಳೀತಿತ್ತು.

ಸೆಕೆಂಡ್ ಪಿಯುಸಿಲಿ ತಣ್ಣೀರು ಕುಡಿದ್ರೆ ಝುಂ ಅಂತಿತ್ತು. ಆ ಕಡೆ ಬಿಟ್ಟು ಈ ಕಡೆ ಅಗಿಯೋದು ಕಲಿತೆ. ಆಮೇಲೆ ರಾತ್ರಿ ನೋವು ಶುರು ಆಯ್ತು. ಹಲ್ಲುನೋವು ಯಾಕೆ ಯಾವಾಗ್ಲೂ ರಾತ್ರಿನೇ ಜಾಸ್ತಿ ಗೊತ್ತಾ? ಹಲ್ಲಿನ ಒಳಗಿನ ಮೆತ್ತನೆ ಭಾಗದಲ್ಲಿ ನರ, ರಕ್ತನಾಳ ಇರತ್ತೆ. ಅದು ಊದಿಕೊಂಡ್ರೂ ಸುತ್ತ ಗಟ್ಟಿ ಗೋಡೆ, ಹಿಗ್ಗೋಕೆ ಜಾಗ ಇಲ್ಲ. ಮಲಗಿದಾಗ ತಲೆ ಕಡೆಗೆ ರಕ್ತ ಜಾಸ್ತಿ ಹರಿಯತ್ತೆ, ಒಳಗೆ ಒತ್ತಡ ಏರತ್ತೆ. ನಾನು ಎರಡು ದಿಂಬು ಇಟ್ಕೊಂಡು, ಲವಂಗ ಕಚ್ಕೊಂಡು ಕಾಸ್ಟಿಂಗ್ ಓದಿದೀನಿ. ಲವಂಗ ಏನೂ ಸುಳ್ಳಲ್ಲ, ಅದರಲ್ಲಿರೋ ಯೂಜಿನಾಲ್ ಅನ್ನೋದನ್ನ ಡೆಂಟಿಸ್ಟ್‌ಗಳೂ ಬಳಸ್ತಾರೆ. ಆದ್ರೆ ಅದು ನೋವನ್ನ ಸುಮ್ಮನಾಗಿಸತ್ತೆ, ಹುಳುಕನ್ನಲ್ಲ. (ಆಸ್ಪಿರಿನ್ ಮಾತ್ರೆ ಒಸಡಿಗೆ ಒತ್ತಿ ಇಟ್ಕೊಳ್ಳೋರು ಇವತ್ತೇ ನಿಲ್ಸಿ, ಒಸಡು ಸುಟ್ಟು ಬೆಳ್ಳಗಾಗತ್ತೆ.)

ಆಮೇಲೆ ಸೆಮಿಸ್ಟರ್ ಎಕ್ಸಾಮ್ ಹಿಂದಿನ ವಾರ ನೋವು ತಾನಾಗೇ ಹೋಯ್ತು. ನಿಂತೇ ಹೋಯ್ತು! ಅವತ್ತು ಸಾಯಂಕಾಲ ಮಂಡಕ್ಕಿ ಮಿರ್ಚಿ ತಿಂದು ಸೆಲೆಬ್ರೇಟ್ ಮಾಡಿದೀನಿ, ಆ ಫೋಟೋನೂ ಇದೆ ಇಲ್ಲೇ. ದೇವರು ದೊಡ್ಡವನು ಅಂದ್ಕೊಂಡೆ. ಆಗಿದ್ದೇನಪ್ಪಾ ಅಂದ್ರೆ ಒಳಗಿನ ನರ ಸತ್ತಿತ್ತು. ಸತ್ತ ನರ ನೋಯಲ್ಲ. ಸೋಂಕು ಮಾತ್ರ ಬೇರಿನ ತುದಿಗೆ ಇಳೀತಾನೇ ಇರತ್ತೆ. ಎರಡು ತಿಂಗಳಿಗೆ ಕೆನ್ನೆ ಲಾಡು ಥರ ಊದ್ತು, ಜ್ವರ ಬಂತು, ಬಾಯಿ ಎರಡು ಬೆರಳಿನಷ್ಟೂ ತೆರೀತಿರಲಿಲ್ಲ. ರೂಮ್‌ಮೇಟ್ ಕೈ ಹಿಡಿದು ಎಳ್ಕೊಂಡು ಹೋದ್ಲು. ಹಾಗೆ ಆದ್ರೆ, ಅಥವಾ ನುಂಗೋಕೆ ಕಷ್ಟ ಆದ್ರೆ, ಬೆಳಗ್ಗೆ ತನಕ ಕಾಯ್ಬೇಡಿ. ಆಸ್ಪತ್ರೆಗೆ ಓಡಿ. ನನಗೆ ಮೊದಲು ಕೀವು ತೆಗೆದು ಮಾತ್ರೆ ಕೊಟ್ರು, ಊತ ಇಳಿದ ಮೇಲೆ ಹಲ್ಲು ತೆಗೆದ್ರು. ಉಳಿಸೋ ಹಾಗಿರಲಿಲ್ಲ.

ಇಲ್ಲೊಂದು ವಿಷಯ ತಿಳೀತು ನೋಡಿ, ನನ್ನ ಹತ್ತು ವರ್ಷದ ಸಿಟ್ಟೇ ಇಳಿದು ಹೋಯ್ತು. ಸೋಂಕು ಆಗಿ ಊದಿರೋ ಜಾಗ ಆಮ್ಲೀಯ ಆಗಿರತ್ತಂತೆ. ಮರಗಟ್ಟೋ ಔಷಧ ಅಂಥ ಜಾಗದಲ್ಲಿ ಸರಿಯಾಗಿ ಕೆಲಸ ಮಾಡಲ್ಲ. ಅಂದ್ರೆ ಐದನೇ ಕ್ಲಾಸಲ್ಲಿ ನನಗೆ ನೋವಾಗಿದ್ದು ನಾನು ಅಳುಬುರುಕಿ ಅಂತಲ್ಲ. ಊದಿದ ಮೇಲೆ ಹೋಗಿದ್ವಿ, ಅದಕ್ಕೆ. ಈಗ ಲೆಕ್ಕ ಹಾಕಿ: ಹೆದರಿ ತಡ ಮಾಡ್ತೀವಿ, ತಡ ಆಗಿದ್ದಕ್ಕೆ ಇಂಜೆಕ್ಷನ್ ಅರ್ಧಂಬರ್ಧ ಹಿಡಿಯತ್ತೆ, ನೋವಾಗತ್ತೆ, "ನೋಡು ನಾನು ಹೇಳ್ಲಿಲ್ವಾ" ಅಂತ ಹೆದರಿಕೆ ಗೆಲ್ಲತ್ತೆ. ಚಕ್ರಬಡ್ಡಿ ಕಣ್ರೀ ಇದು. ಅಸಲು ಒಂದು ಸಣ್ಣ ತೂತು.

ಭಾಗ 4

ಎರಡನೇ ಹಲ್ಲಿಗೆ ರೂಟ್ ಕೆನಾಲ್ ಆಗ್ಬೇಕಿತ್ತು. ಹೆಸರು ಕೇಳಿದ್ರೇ ಬೆವರು. ಇಲ್ಲೇ ಒಂದು ಡೆಂಟಲ್ ಕಾಲೇಜಿಗೆ ಹೋದೆ. ಅಲ್ಲಿ ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು, ಹೌಸ್ ಸರ್ಜನ್. "ನನಗೆ ತುಂಬಾ ಭಯ, ಚಿಕ್ಕವಳಿದ್ದಾಗ ಹೀಗಾಗಿತ್ತು" ಅಂತ ಬಾಯಿಬಿಟ್ಟು ಹೇಳಿದೆ. ಜೀವನದಲ್ಲಿ ಮೊದಲನೇ ಸಲ. ಹೇಳೋವಾಗ ಕಣ್ಣಲ್ಲಿ ನೀರು ಬಂತು, ಹಿಂದೆ ಕೂತಿದ್ದ ಅಜ್ಜಿ ನೋಡ್ತಿದ್ರು, ಮಾನ ಹೋಯ್ತು. ಆದ್ರೆ ಅವಳು ಬೈಲಿಲ್ಲ. ಕುರ್ಚಿಯಿಂದ ನನ್ನ ಎಬ್ಬಿಸಿ ಕೂರಿಸಿ, "ಎಡಗೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ" ಅಂದ್ಲು.

ಅದೊಂದೇ ಮಾತು. ಐದನೇ ಕ್ಲಾಸಲ್ಲಿ ಇಲ್ಲದೇ ಇದ್ದಿದ್ದು ಇದೇ ಅಲ್ವಾ!

ನಾನು ಸುಳ್ಳುಸುಳ್ಳೇ ಎರಡು ಸಲ ಕೈ ಎತ್ತಿ ಟೆಸ್ಟ್ ಮಾಡಿದೆ. ಎರಡು ಸಲನೂ ನಿಲ್ಲಿಸಿದ್ಲು. ಆಮೇಲೆ ಒಂದೂವರೆ ಗಂಟೇಲಿ ಒಂದೇ ಸಲ ಎತ್ತಿದ್ದು, ಅದೂ ಕೆಮ್ಮು ಬಂದು.

ಸೂಜಿಗೆ ಮುಂಚೆ ಒಸಡಿಗೆ ಒಂದು ಜೆಲ್ ಹಚ್ಚಿಸ್ಕೊಳ್ಳಿ, ಕೇಳಿದ್ರೆ ಹಚ್ತಾರೆ. ನಿಧಾನಕ್ಕೆ ಔಷಧ ಬಿಡಿ ಅಂತನೂ ಕೇಳಬಹುದು, ನಿಧಾನ ಬಿಟ್ರೆ ಉರಿ ಕಮ್ಮಿ. ಇಂಜೆಕ್ಷನ್ ಆದ ಒಂದು ನಿಮಿಷಕ್ಕೆ ಎದೆ ಢವಢವ ಅಂದ್ರೆ ಸತ್ತೇ ಅಂದ್ಕೋಬೇಡಿ. ಆ ಔಷಧದ ಜೊತೆ ಸಾಮಾನ್ಯವಾಗಿ ಅಡ್ರಿನಾಲಿನ್ ಸೇರಿಸಿರ್ತಾರೆ, ಮರಗಟ್ಟಿದ್ದು ಜಾಸ್ತಿ ಹೊತ್ತು ಇರಲಿ ಅಂತ. ಸ್ವಲ್ಪ ಹೊತ್ತಿಗೆ ಇಳಿಯತ್ತೆ. ಹಾರ್ಟ್ ಪ್ರಾಬ್ಲಮ್ ಇದ್ರೆ, ಯಾವುದಾದ್ರೂ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ. ಮತ್ತೆ, ಮರಗಟ್ಟಿದ ಮೇಲೂ ಒತ್ತೋದು, ಎಳೆಯೋದು, ನಡುಗೋದು ಎಲ್ಲಾ ಗೊತ್ತಾಗತ್ತೆ. ನೋವು ಗೊತ್ತಾಗಬಾರದು, ಅಷ್ಟೇ. ಇದನ್ನ ಯಾರೂ ಹೇಳಿರಲ್ಲ, ಅದಕ್ಕೇ ಒತ್ತಿದ ತಕ್ಷಣ ‘ಅಯ್ಯೋ ಹಿಡಿದೇ ಇಲ್ಲ’ ಅಂತ ಗಾಬರಿ. ನಿಜವಾಗ್ಲೂ ನೋವಾದ್ರೆ ಕೈ ಎತ್ತಿ, ಇನ್ನೊಂದು ಡೋಸ್ ಕೊಡ್ತಾರೆ.

ಡ್ರಿಲ್ ಸದ್ದಿಗೆ ಇಯರ್‌ಫೋನ್. ನಾನು ಹಾಕ್ಕೊಂಡಿದ್ದು ಹಂಸಲೇಖ ಪ್ಲೇಲಿಸ್ಟ್, ನಿಮ್ಮಿಷ್ಟ ನಿಮ್ದು. ಖಾಲಿ ಹೊಟ್ಟೇಲಿ ಹೋಗ್ಬೇಡಿ, ಭಯ ಪ್ಲಸ್ ಹಸಿವು ಸೇರಿದ್ರೆ ತಲೆ ಸುತ್ತತ್ತೆ. ಬೆಳಗಿನ ಟೈಮೇ ತಗೊಳ್ಳಿ, ಸಾಯಂಕಾಲ ಅಂದ್ರೆ ದಿನವಿಡೀ ಒಳಗೊಳಗೇ ಸಾಯ್ತೀರಿ. ಮೊದಲನೇ ಸಲ ಬರೀ ತೋರಿಸ್ಕೊಂಡು ಬರ್ತೀನಿ, ಇವತ್ತೇನೂ ಮಾಡ್ಬೇಡಿ ಅಂತ ಹೇಳೋ ಹಕ್ಕೂ ನಿಮಗಿದೆ.

ಹೇಳಿದ ಮೇಲೂ ಬೈದ್ರೆ? ಎದ್ದು ಬನ್ನಿ. ಸೀರಿಯಸ್ ಆಗೇ ಹೇಳ್ತಿದೀನಿ. ಕಟಿಂಗ್ ಸರಿ ಮಾಡ್ಲಿಲ್ಲ ಅಂತ ಸಲೂನ್ ಬದಲಾಯಿಸ್ತೀವಿ, ಡೆಂಟಿಸ್ಟ್ ಬದಲಾಯಿಸೋಕೆ ಏನು? ಆದ್ರೆ ಬೇರೆ ಕಡೆ ಹೋಗಿ. ಮನೆಗಲ್ಲ.

ಭಾಗ 5

ದುಡ್ಡಿನ ಮಾತು, ಬಿಕಾಂ ಅಂದ್ಮೇಲೆ ಬರಲೇಬೇಕು. ಎರಡು ವರ್ಷದ ಹಿಂದೆ ಅಪ್ಪ ಫೋನಲ್ಲಿ ವಿಚಾರಿಸಿದಾಗ ಒಂದು ಫಿಲ್ಲಿಂಗ್‌ಗೆ 800 ರೂಪಾಯಿ ಅಂದಿದ್ರು. ‘ಈಗ ನೋವಿಲ್ಲ’ ಅಂತ ನಾನೇ ಬೇಡ ಅಂದೆ. ಅದೇ ಹಲ್ಲಿಗೆ ಈಗ ಹೊರಗಡೆ ರೂಟ್ ಕೆನಾಲ್ ಮತ್ತೆ ಕ್ಯಾಪ್ ಸೇರಿ 7,000 ಅಂದ್ರು. ಡೆಂಟಲ್ ಕಾಲೇಜಲ್ಲಿ ಅದರ ಅರ್ಧಕ್ಕಿಂತ ಕಮ್ಮೀಲಿ ಮುಗೀತಿದೆ. ಸ್ಟೂಡೆಂಟ್ಸ್ ಮಾಡ್ತಾರೆ ಅಂತ ಮೂಗು ಮುರೀಬೇಡಿ, ಒಂದೊಂದು ಹಂತಕ್ಕೂ ಮೇಷ್ಟ್ರು ಬಂದು ನೋಡಿ ಸರಿ ಅಂದ್ಮೇಲೇ ಮುಂದಕ್ಕೆ. ಟೈಮ್ ಜಾಸ್ತಿ ಹಿಡಿಯತ್ತೆ, ಅದು ನಿಜ. ನನ್ನಂಥ ಪುಕ್ಕಲಿಗೆ ಆ ನಿಧಾನವೇ ಒಳ್ಳೇದಾಯ್ತು. ನಮ್ಮ ದಾವಣಗೆರೇಲಿ, ಧಾರವಾಡ, ಬೆಳಗಾವಿ, ಮಂಗಳೂರು, ಮೈಸೂರಲ್ಲಿ ಡೆಂಟಲ್ ಕಾಲೇಜುಗಳಿವೆ. ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಹತ್ರ ಸರ್ಕಾರಿ ದಂತ ಕಾಲೇಜೇ ಇದೆ.

ಇನ್ನೊಂದು ವಿಷಯ ಓದಿ ನಗು ಬಂತು. ಮರಗಟ್ಟಿಸದೇ, ಪ್ರಜ್ಞೆ ತಪ್ಪಿಸದೇ ಆಪರೇಷನ್ ಮಾಡ್ತಿದ್ದ ಕಾಲ ಒಂದಿತ್ತಲ್ಲ, ಅದನ್ನ ಮುಗಿಸೋಕೆ ಓಡಾಡಿದವರಲ್ಲಿ ಮುಂದಿದ್ದವರು ಅಮೆರಿಕದ ಹಲ್ಲಿನ ಡಾಕ್ಟರ್‌ಗಳೇ. 1844ರಲ್ಲಿ ಹೊರೇಸ್ ವೆಲ್ಸ್ ಅನ್ನೋ ಡೆಂಟಿಸ್ಟ್ ನಗೆ ಅನಿಲ ಎಳ್ಕೊಂಡು ತನ್ನ ಹಲ್ಲನ್ನೇ ಕೀಳಿಸ್ಕೊಂಡ, ನೋವಾಗತ್ತೋ ಇಲ್ವೋ ನೋಡೋಣ ಅಂತ. 1846ರಲ್ಲಿ ಬೋಸ್ಟನ್‌ನಲ್ಲಿ ಈಥರ್ ಕೊಟ್ಟು ಎಲ್ಲರೆದುರು ತೋರಿಸಿದ ಮಾರ್ಟನ್ ಕೂಡ ಡೆಂಟಿಸ್ಟೇ. ನೋವು ಕಮ್ಮಿ ಮಾಡೋಕೆ ಇಷ್ಟು ತಲೆ ಕೆಡಿಸ್ಕೊಂಡವರ ಹೆಸರು ಹೇಳಿ ನಾವು ಮಕ್ಕಳನ್ನ ಹೆದರಿಸ್ತೀವಿ.

ಹೌದು, ಹೆದರಿಸ್ತೀವಿ. ನನ್ನ ತಮ್ಮ ಎಂಟು ವರ್ಷದವನು. ಊಟ ಮಾಡದೇ ಹಟ ಹಿಡಿದ್ರೆ ಅಮ್ಮ, "ಸುಮ್ನ ಉಣ್ತಿಯೋ, ಹಲ್ ಕೀಳೋ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲೋ?" ಅಂತಾರೆ. ಹೆದರಿಕೆ ಇದ್ರೆ ಚೆನ್ನಾಗಿ ಉಜ್ತಾನೆ ಬಿಡು ಅನ್ನೋದು ಅವರ ವಾದ. ನನಗೂ ಅದೇ ಮಾತು ಹೇಳಿದ್ರು, ನಾನು ಉಜ್ಜಿದ್ದು ಎಷ್ಟು ಅಂತ ಖಾಲಿ ಜಾಗ ಹೇಳತ್ತೆ. ಅಜ್ಜಿ ಇನ್ನೊಂದು ಸೇರಿಸ್ತಾರೆ, ಮೇಲಿನ ಹಲ್ಲು ಕಿತ್ರೆ ಕಣ್ಣು ಮಂಜಾಗತ್ತೆ ಅಂತ. ಅಜ್ಜಿ, ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ. ಎಷ್ಟು ಸಲ ಹೇಳೋದು.

ಹೋದ ಭಾನುವಾರ ಊರಿಗೆ ಹೋದಾಗ ತಮ್ಮನ ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದೆ. ಹಿಂದೆ ಒಂದು ಹಲ್ಲಲ್ಲಿ ಕಪ್ಪು ಚುಕ್ಕಿ. ಸಾಸಿವೆ ಕಾಳಿನಷ್ಟು. ನನ್ನದೂ ಒಂದು ಕಾಲಕ್ಕೆ ಅಷ್ಟೇ ಇತ್ತು. "ನೋಯುತ್ತಾ ಅಕ್ಕಾ?" ಅಂದ. ಏನಾಗಲ್ಲ ಅಂತ ಹೇಳೋಕೆ ಹೊರಟವಳು ನಿಲ್ಲಿಸಿದೆ. "ಒಂದು ಸೂಜಿ ಇರಬಹುದು, ಇರುವೆ ಕಚ್ಚಿದ ಹಾಗೆ. ಸದ್ದು ಜೋರಿರತ್ತೆ. ಬೇಡ ಅನ್ಸಿದ್ರೆ ಎಡಗೈ ಎತ್ತು, ನಿಲ್ಲಿಸ್ತಾರೆ" ಅಂದೆ. ಅವತ್ತು ಸಂಜೆ ತನಕ ಮನೆ ತುಂಬಾ ಎಡಗೈ ಎತ್ಕೊಂಡು ಓಡಾಡಿದಾನೆ, ಅಮ್ಮ ಊಟಕ್ಕೆ ಕರೆದ್ರೂ ಎಡಗೈ.

ಮಂಗಳವಾರ ಬೆಳಗ್ಗೆ 10ಕ್ಕೆ ನನಗೆ ಕ್ಯಾಪ್ ಅಳತೆ. ತಮ್ಮನೂ ಬರ್ತಿದಾನೆ, ಮೊದಲು ನನ್ನ ನೋಡ್ತಾನೆ, ಆಮೇಲೆ ಅವನ ಸರದಿ. ಕುರ್ಚಿಯಿಂದ ಸ್ಟೋರಿ ಹಾಕ್ತೀನಿ. ಫೋಟೋ ಅಲುಗಾಡಿದ್ರೆ ಕೈ ನಡುಗಿದೆ ಅಂತ ತಿಳ್ಕೊಳ್ಳಿ. ನಿಮ್ಮಲ್ಲಿ ಯಾರಿಗಾದ್ರೂ ಜೊತೆ ಬೇಕಿದ್ರೆ ಮೆಸೇಜ್ ಮಾಡಿ. 9 ಗಂಟೆ ಕಾಸ್ಟಿಂಗ್ ಕ್ಲಾಸ್ ಹೇಗಿದ್ರೂ ಬಂಕ್.