ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ ಯೋಚಿಸಿದರೆ ತಡವಾಯ್ತು

"ಡಿಗ್ರಿ ಒಂದು ಮುಗಿಯಲಿ, ಮತ್ತೆ ಮಾಮ ವೀಸಾ ಕಳಿಸ್ತಾನೆ." ನಮ್ಮ ಮನೆಗಳಲ್ಲಿ ಮಗನ ಭವಿಷ್ಯದ ಯೋಜನೆ ಬಹಳ ಸಲ ಇಷ್ಟೇ. ಗಲ್ಫ್ ನಮ್ಮ ಎಷ್ಟೋ ಕುಟುಂಬಗಳನ್ನು ಸಾಕಿದೆ. ಆ ಋಣ ಮರೆಯುವಂತದ್ದಲ್ಲ. ಆದರೆ ಆ ಬಾಗಿಲು ಈಗ ಮೊದಲಿನಷ್ಟು ಅಗಲ ಇಲ್ಲ.

ಕಂಪೆನಿಗಳು ಸ್ವದೇಶಿಯರಿಗೆ ಇಂತಿಷ್ಟು ಕೆಲಸ ಕೊಡಲೇಬೇಕೆಂದು ಸೌದಿ 2011ರಲ್ಲಿ 'ನಿತಾಕಾತ್' ತಂದಿತು. 2021ರಲ್ಲಿ, ಐದು ಅಥವಾ ಅದಕ್ಕಿಂತ ಹೆಚ್ಚು ಅಕೌಂಟೆಂಟ್‌ಗಳಿರುವ ಸಂಸ್ಥೆಗಳಲ್ಲಿ ಶೇ. 30 ಅಕೌಂಟೆಂಟ್ ಹುದ್ದೆಗಳು ಸೌದಿಗಳಿಗೇ ಎಂದಾಯಿತು. ಯುಎಇಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪೆನಿಗಳು 2022ರಿಂದ ಕೌಶಲದ ಹುದ್ದೆಗಳಲ್ಲಿ ಸ್ವದೇಶಿಯರ ಪಾಲನ್ನು ವರ್ಷಕ್ಕೆ ಶೇ. 2ರಂತೆ ಹೆಚ್ಚಿಸಿ 2026ಕ್ಕೆ ಶೇ. 10 ಮಾಡಬೇಕು. ಅಂದರೆ ಕತ್ತರಿ ಬೀಳುತ್ತಿರುವುದು ಬಿ.ಕಾಂ. ಮುಗಿಸಿದ ನಮ್ಮ ಹುಡುಗರು ನಂಬಿ ಕೂತ ಕುರ್ಚಿಗೇ. ಅಲ್ಲಿ ಕೆಲಸ ಇನ್ನೂ ಉಂಟು, ಆದರೆ ಅನುಭವ, ಕೌಶಲ ಇದ್ದವನಿಗೆ. ವಿಸಿಟ್ ವೀಸಾದಲ್ಲಿ ಹೋಗಿ ಬರಿಗೈಯಲ್ಲಿ ತಿರುಗುವುದು ಸಾಲ ಮಾಡುವ ದಾರಿ.

ಇನ್ನು ಊರಿನ ಕಡೆ ನೋಡುವ. 2006ರ ಸಾಚಾರ್ ವರದಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4; ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4 ಮಾತ್ರ. ತಾರತಮ್ಯ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅರ್ಜಿಯನ್ನೇ ಹಾಕದವನ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. 2023ರಲ್ಲಿ ಸರಕಾರ 2ಬಿಯ ಶೇ. 4 ಮೀಸಲಾತಿ ರದ್ದು ಮಾಡಹೊರಟಾಗ ನಾವೆಲ್ಲ ಧ್ವನಿ ಎತ್ತಿದೆವು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಆ ಆದೇಶ ಜಾರಿಗೆ ಬರಲಿಲ್ಲ. ಉಳಿಸಿಕೊಂಡದ್ದನ್ನು ಬಳಸುವವರು ಎಷ್ಟು ಮಂದಿ? ಕೇಂದ್ರದ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ ಹೆಚ್ಚಿನ ಹುದ್ದೆಗಳಿಗೆ ಯಾವುದೇ ಡಿಗ್ರಿ ಸಾಕು. ಶುಲ್ಕ 100 ರೂಪಾಯಿ, ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಹೆಣ್ಣುಮಕ್ಕಳ ವಿಷಯ ಬಂತಲ್ಲ. ಒಳ್ಳೆ ಅಂಕ ತಂದವಳ ಮಾರ್ಕ್ಸ್ ಕಾರ್ಡ್ ಸಂಬಂಧ ಕುದುರುವವರೆಗೆ ಮಾತ್ರ ಬೇಕಾಗುವ ಕಾಗದ ಆಗಬಾರದು. ಅವಳಿಗೆ ಎಂತ ಮಾಡಲು ಆಸೆ ಉಂಟು ಎಂದು ಮನೆಯಲ್ಲಿ ಒಮ್ಮೆ ಕೇಳಬೇಕು.

ಹಾಗಾದರೆ ಮಾಡುವುದೇನು? ಮೊದಲ ವರ್ಷದಲ್ಲೇ ಯಾವ ಕೆಲಸಕ್ಕೆ ಏನು ಬೇಕೆಂದು ತಿಳಿದುಕೊಳ್ಳಬೇಕು. ಎರಡನೇ ವರ್ಷದ ರಜೆಯಲ್ಲಿ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಕಲಿತು ಯಾರಾದರೂ ಆಡಿಟರ್ ಬಳಿ ಕೂರಬೇಕು. ಕೊನೆ ವರ್ಷಕ್ಕೆ ಮೊದಲೇ ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಡಬೇಕು. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ ಮಾತಾಡುವ ನಮ್ಮ ಮಕ್ಕಳು ಅದನ್ನು ಬಯೋಡಾಟಾದಲ್ಲಿ ಬರೆಯುವುದೇ ಇಲ್ಲ. ಗಿರಾಕಿಗಳೊಡನೆ ವ್ಯವಹರಿಸುವ ಕೆಲಸಕ್ಕೆ ಅದೇ ಬಂಡವಾಳ. ಗಲ್ಫಿಗೇ ಹೋಗುವುದಾದರೆ ಏಜೆಂಟ್ ನೋಂದಾಯಿತನೇ ಎಂದು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ.

ಜಮಾಅತ್‌ಗಳೂ ಮನಸ್ಸು ಮಾಡಬೇಕು. ರ‍್ಯಾಂಕ್ ಬಂದವರಿಗೆ ಶಾಲು ಹೊದಿಸುವುದು ಒಳ್ಳೆಯದೇ. ಜೊತೆಗೆ ತಿಂಗಳಿಗೊಂದು ಭಾನುವಾರ ಮದ್ರಸದ ಹಾಲ್ ತೆರೆದು, ಬ್ಯಾಂಕಿನಲ್ಲಿ, ಕಚೇರಿಗಳಲ್ಲಿ ಇರುವ ನಮ್ಮವರನ್ನೇ ಕರೆದು ಮಕ್ಕಳ ಎದುರು ಕೂರಿಸಲಿ. ಖರ್ಚು ಚಹಾದ್ದು ಮಾತ್ರ.