ಮಗು ಯಾರ ಮಡಿಲಿಗೆ? ನ್ಯಾಯಾಲಯ ನೋಡುವುದು ಏನನ್ನು?

ಮಗಳೋ ಸೊಸೆಯೋ ಅಕಾಲದಲ್ಲಿ ಲಿಂಗೈಕ್ಯಳಾದ ಮನೆಯಲ್ಲಿ ದುಃಖ ಆರುವ ಮೊದಲೇ ಇನ್ನೊಂದು ಪ್ರಶ್ನೆ ತಲೆಯೆತ್ತುತ್ತದೆ. ಉಳಿದ ಕೂಸು ಯಾರ ಬಳಿ ಬೆಳೆಯಬೇಕು? ತಂದೆ ‘ನನ್ನ ಮಗು’ ಎನ್ನುತ್ತಾನೆ. ತಾಯಿಯ ಹೆತ್ತವರು ‘ನಮ್ಮ ಮಗಳ ಕುರುಹು’ ಎನ್ನುತ್ತಾರೆ. ಹಿರಿಯರ ಮಾತು ಫಲಿಸದಾಗ ವಿವಾದ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಅಲ್ಲಿ ತೀರ್ಮಾನ ಹೇಗಾಗುತ್ತದೆಂಬುದನ್ನು ನಾವೆಲ್ಲರೂ ಅರಿತಿರುವುದು ಒಳಿತು.

1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ 6ನೆಯ ಕಲಮಿನಂತೆ ತಂದೆ, ಆತನ ನಂತರ ತಾಯಿ ಸಹಜ ಪಾಲಕರು. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಆದರೆ 13ನೆಯ ಕಲಮು ಮಗುವಿನ ಹಿತವನ್ನೇ ಪರಮೋಚ್ಚವೆಂದು ಸಾರುತ್ತದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯು ಮಗುವಿನ ವಯಸ್ಸು, ಪಾಲಕರ ನಡತೆ ಮತ್ತು ಸಾಮರ್ಥ್ಯ, ಸಂಬಂಧದ ಸಾಮೀಪ್ಯ, ಅಗಲಿದ ತಂದೆತಾಯಿಯ ಇಚ್ಛೆ ಇವುಗಳನ್ನು ಪರಿಗಣಿಸಲು ಹೇಳುತ್ತದೆ. ತಿಳಿವಳಿಕೆ ಬಂದ ಮಗುವಿನ ಮಾತಿಗೂ ಅಲ್ಲಿ ಬೆಲೆಯಿದೆ.

ಸರ್ವೋಚ್ಚ ನ್ಯಾಯಾಲಯದ ಮೂರು ತೀರ್ಪುಗಳು ಈ ತತ್ತ್ವವನ್ನು ಸ್ಪಷ್ಟಪಡಿಸುತ್ತವೆ. 2008ರ ಪ್ರಕರಣದಲ್ಲಿ ಪತ್ನಿಯ ವರದಕ್ಷಿಣೆ ಸಾವಿನ ಆರೋಪವನ್ನು ತಂದೆಯೇ ಎದುರಿಸುತ್ತಿದ್ದನು. ಕೆಳಗಿನ ನ್ಯಾಯಾಲಯಗಳು ಬಾಲಕನನ್ನು ಆತನಿಗೆ ಒಪ್ಪಿಸಿದ್ದರೂ, ಬಾಲಕನ ಮನದಿಂಗಿತವನ್ನು ಅರಿತ ಸರ್ವೋಚ್ಚ ನ್ಯಾಯಾಲಯ ಅವನನ್ನು ತಾಯಿಯ ಹೆತ್ತವರ ಬಳಿಯೇ ಉಳಿಸಿತು. 2022ರಲ್ಲಿ, ಕೋವಿಡ್‌ನಿಂದ ತಂದೆತಾಯಿಯನ್ನು ಕಳೆದುಕೊಂಡ ಗುಜರಾತಿನ ಬಾಲಕನನ್ನು ಹೈಕೋರ್ಟ್ ಚಿಕ್ಕಮ್ಮನಿಗೆ ಒಪ್ಪಿಸಿತ್ತು. ವಯಸ್ಸು, ಆದಾಯಗಳೇ ಅಳತೆಗೋಲಲ್ಲವೆಂದ ಸರ್ವೋಚ್ಚ ನ್ಯಾಯಾಲಯ ತಂದೆಯ ಕಡೆಯ ಅಜ್ಜ-ಅಜ್ಜಿಗೆ ಅವನನ್ನು ವಹಿಸಿತು. 2025ರಲ್ಲಾದರೋ, ಸಹಜ ಪಾಲಕನಾದ ತಂದೆಗಿಂತ ಅಜ್ಜ-ಅಜ್ಜಿಗೆ ಮಿಗಿಲಾದ ಹಕ್ಕಿಲ್ಲವೆಂದು ಮಗುವನ್ನು ತಂದೆಗೆ ಒಪ್ಪಿಸಿ, ಅಜ್ಜ-ಅಜ್ಜಿಯ ಭೇಟಿಗೂ ಅವಕಾಶ ನೀಡಿತು.

ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವೆನಿಸಬಹುದು. ವಾಸ್ತವದಲ್ಲಿ ಮೂರರ ಹಿಂದೆಯೂ ಒಂದೇ ಪ್ರಶ್ನೆಯಿದೆ: ಈ ಮಗು ಎಲ್ಲಿ ನೆಮ್ಮದಿಯಿಂದ ಬೆಳೆದೀತು? ತಂದೆ ಯೋಗ್ಯನಾಗಿದ್ದರೆ ಅವನ ಸ್ಥಾನ ಮೊದಲು. ಆದರೆ ಆ ಸ್ಥಾನ ಒಡೆತನವಲ್ಲ. ಅಜ್ಜ-ಅಜ್ಜಿಯರ ಅಕ್ಕರೆಗೆ ಮನ್ನಣೆಯುಂಟು. ಆದರೆ ಅಕ್ಕರೆಯೊಂದೇ ಹಕ್ಕಾಗದು.

ಇದರಿಂದ ನಾವು ಕಲಿಯಬೇಕಾದುದಿದೆ. ವ್ಯಾಜ್ಯ ನಡೆಯುವ ತಿಂಗಳುಗಳಲ್ಲಿ ಮಗುವಿನ ಬಾಲ್ಯ ನಿಂತು ಕಾಯುವುದಿಲ್ಲ. ಆಸ್ತಿಯನ್ನು ಪಾಲು ಮಾಡಬಹುದು, ಕೂಸನ್ನು ಪಾಲು ಮಾಡಲಾಗದು. ತಂದೆಯ ಮೇಲೆ ಮಗುವಿಗೆ ದ್ವೇಷ ತುಂಬುವ ಅಜ್ಜನೂ, ಅಜ್ಜಿಯ ಮುಖ ನೋಡಗೊಡದ ತಂದೆಯೂ ಸಮಾನವಾಗಿ ಅದಕ್ಕೆ ಅನ್ಯಾಯ ಮಾಡುತ್ತಾರೆ. ಆದುದರಿಂದ ಶಾಲೆಯ ರಜೆ, ಹಬ್ಬಹರಿದಿನಗಳ ಭೇಟಿ, ಖರ್ಚಿನ ಹೊಣೆ ಇವುಗಳನ್ನು ಎರಡೂ ಮನೆಯವರು ಕುಳಿತು ಮಾತನಾಡಿ, ಬರವಣಿಗೆಯಲ್ಲಿಟ್ಟುಕೊಳ್ಳುವುದು ಲೇಸು. ಪ್ರಕರಣ ದಾಖಲಾದ ಮೇಲೂ ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೇ ಯತ್ನಿಸುತ್ತದೆ. 1984ರ ಕಾಯ್ದೆ ಅದಕ್ಕೆ ವಹಿಸಿರುವ ಕರ್ತವ್ಯವೇ ಅದು. ಎಲ್ಲಿ ಹಿಂಸೆಯ ಭಯವಿದೆಯೋ ಅಲ್ಲಿ ಮಾತ್ರ ರಾಜಿಯ ಹೆಸರಿನಲ್ಲಿ ತಡಮಾಡದೆ ಕಾನೂನಿನ ರಕ್ಷಣೆ ಪಡೆಯಬೇಕು.

ತಾಯಿಯನ್ನು ಕಳೆದುಕೊಂಡ ಮಗು ಉಳಿದವರನ್ನೂ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಎರಡೂ ಮನೆಗಳ ಹೊಣೆ. ತೀರ್ಪು ಯಾರ ಪರವಾಗಿ ಬಂದರೂ ಆ ಹೊಣೆ ತೀರುವುದಿಲ್ಲ.