ಹಣ್ಣಿಗಿಲ್ಲದ ಅವಸರ ಹಣಕ್ಕೇಕೆ?

ಪಾಳಿ ಮುಗಿಸಿ ಬರುವ ಕಾರ್ಮಿಕನು ಮಕ್ಕಳ ಕೈಗೆಂದು ಒಂದು ಚಿಪ್ಪು ಬಾಳೆಹಣ್ಣು ಕಟ್ಟಿಸಿಕೊಳ್ಳುತ್ತಾನೆ. ಮನೆಗೆ ಬಂದು ಸುಲಿದರೆ ಹೊರಗೆ ಬಂಗಾರದ ಬಣ್ಣ, ಒಳಗೆ ಕಾಯಿಯ ಒಗರು! ತಳ್ಳುಗಾಡಿಯವನಿಗೆ ಶಾಪ ಹಾಕುತ್ತಾನೆ. ಆ ಶಾಪ ತಟ್ಟಬೇಕಾದುದು ಅವನಿಗೇ ಏನು? ಮಳವಳ್ಳಿ, ಮದ್ದೂರು, ಮಂಡ್ಯದ ಓದುಗ ಬಂಧುಗಳು ಸಾವಧಾನವಾಗಿ ವಿಚಾರ ಮಾಡಬೇಕು.

ಹಣ್ಣಾಗುವುದೆಂದರೆ ಬಣ್ಣ ತಿರುಗುವುದಷ್ಟೇ ಅಲ್ಲ. ಬಲಿತ ಬಾಳೆಕಾಯಿಯ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಪಿಷ್ಟ. ಹಣ್ಣಾಗುವಾಗ ಅದರಲ್ಲಿ ಬಹುಪಾಲು ಸಕ್ಕರೆಯಾಗುತ್ತದೆ. ತಿರುಳು ಮೆದುವಾಗುತ್ತದೆ, ಹಸಿರು ಅಳಿದು ಹಳದಿ ಕಾಣುತ್ತದೆ, ಪರಿಮಳ ಹುಟ್ಟುತ್ತದೆ. ಇಷ್ಟಕ್ಕೂ ಅಪ್ಪಣೆ ಕೊಡುವುದು ಎಥಿಲೀನ್ ಎಂಬ ಅನಿಲ. ಅದನ್ನು ಹಣ್ಣು ತಾನೇ ಹೊರಬಿಡುತ್ತದೆಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸೇಬಿನಿಂದ ತೋರಿಸಿಕೊಟ್ಟರು. ಬಾಳೆ, ಮಾವು, ಪರಂಗಿ, ಸಪೋಟ ಕಿತ್ತ ಮೇಲೂ ಹಣ್ಣಾಗತಕ್ಕವು. ದ್ರಾಕ್ಷಿ, ಕಿತ್ತಳೆ ಹಾಗಲ್ಲ. ನಮ್ಮ ಹಿರಿಯರು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದುದು ಈ ಅನಿಲ ಹೊರಹೋಗದಿರಲೆಂದೇ. ಹೆಸರು ತಿಳಿಯದಿದ್ದರೂ ಕೆಲಸ ತಿಳಿದಿತ್ತು. ಹೊಗೆ ಹಾಕಿದರೆ ಹೊಗೆಯಲ್ಲಿಯೂ ಅದೇ ಅನಿಲ.

ಆದರೆ ಅಡೆಗೆ ದಿನಗಳು ಬೇಕು. ಸಾಲದ ಬಡ್ಡಿ ದಿನ ಕಾಯುವುದಿಲ್ಲ. ಆದ್ದರಿಂದ ಬಂತು ಕಾರ್ಬೈಡ್. ತೇವ ತಗುಲಿದರೆ ಅದು ಅಸಿಟಿಲೀನ್ ಬಿಡುತ್ತದೆ. ಬೆಸುಗೆ ಕೆಲಸದ ಕಾರ್ಮಿಕರಿಗೆ ಈ ಅನಿಲದ ಪರಿಚಯವಿದೆ. ಕಬ್ಬಿಣ ಕರಗಿಸಲು ತಂದ ಸಾಮಾನು ಮಗುವಿನ ಹಣ್ಣಿನ ಬುಟ್ಟಿಗೆ ಬಂದಿತು! ಅದರಲ್ಲಿ ಆರ್ಸೆನಿಕ್, ರಂಜಕಗಳ ಕಲಬೆರಕೆ ಇರುವುದರಿಂದ ಮೊದಲ ಪೆಟ್ಟು ಬೀಳುವುದು ಪುಡಿ ಮುಟ್ಟುವ, ಗಾಳಿ ಉಸಿರಾಡುವ ಗೋದಾಮಿನ ಕೂಲಿಗೆ. ಬೆಲೆ ಇಳಿಯುವ ಮುಂಚೆ ಮಾರಬೇಕೆಂದು ಎಳೆಗಾಯಿ ಕಿತ್ತರಂತೂ ಯಾವ ಅನಿಲವೂ ಸಿಹಿ ತರಲಾರದು. ಒಳಗೆ ಪಿಷ್ಟವೇ ತುಂಬದಿರುವಾಗ ಸಕ್ಕರೆ ಎಲ್ಲಿಂದ ಬಂದೀತು?

ಕಾಯಿದೆ ಇಲ್ಲವೆಂದಲ್ಲ. ಕಾರ್ಬೈಡ್ ಅನಿಲದಿಂದ ಮಾಗಿಸಿದ ಹಣ್ಣನ್ನು ಮಾರತಕ್ಕದ್ದಲ್ಲವೆಂದು 2011ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲು ಮೀರದಂತೆ ಎಥಿಲೀನ್ ಬಳಸಲು 2016ರಲ್ಲಿ ಅನುಮತಿಯೂ ದೊರೆಯಿತು. ಸರಿಯೇ. ಆದರೆ ಅದಕ್ಕೆ ತಂಪು ಕಾಯುವ, ಗಾಳಿ ಅಳೆಯುವ ಮುಚ್ಚಿದ ಕೋಣೆ ಬೇಕು. ದೊಡ್ಡ ಮಂಡಿಯವನು ಕಟ್ಟಿಸಿಯಾನು. ದಿನಕ್ಕೆ ನಾಲ್ಕು ಗೊನೆ ಮಾರುವವನು ಏನು ಮಾಡಬೇಕು? ಬೇಡವೆಂದು ಹೇಳುವ ಸರ್ಕಾರ, ಬೇಕಾದ್ದನ್ನು ಒದಗಿಸುವ ಹೊಣೆಯನ್ನೂ ಹೊರಬೇಡವೇ?

ವಿದ್ಯೆಗಾಗಿ ದೂರ ಹೋಗಬೇಕಾದ್ದಿಲ್ಲ. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ 1950ರಿಂದ ಪಕ್ಕದ ಮೈಸೂರಿನಲ್ಲೇ ಇದೆ. ಪ್ರತಿ ತಾಲ್ಲೂಕು ಮಾರುಕಟ್ಟೆಯಲ್ಲಿ, ಗೊನೆಗಿಷ್ಟೆಂದು ಅಲ್ಪ ಬಾಡಿಗೆಗೆ, ರೈತನೂ ಚಿಲ್ಲರೆ ವ್ಯಾಪಾರಿಯೂ ಬಳಸುವಂಥ ಸಾರ್ವಜನಿಕ ಮಾಗಿಸುವ ಕೋಣೆ ಇರಬೇಕು. ಮಾರುಕಟ್ಟೆ ಸಮಿತಿ, ಪುರಸಭೆ, ಸಹಕಾರ ಸಂಘಗಳು ಕೂಡಿದರೆ ಇದೇನೂ ಆಗದ ಕೆಲಸವಲ್ಲ. ಅದಾದ ಮೇಲೂ ಕಾರ್ಬೈಡ್ ಮುಟ್ಟಿದವನಿಗೆ ದಂಡ ಹಾಕಲಿ. ಯಾರೂ ಅಡ್ಡ ಬರುವುದಿಲ್ಲ.

ಬಲಿತ ಕಾಯಿ ತನ್ನ ಕಾಲಕ್ಕೆ ತಾನೇ ಹಣ್ಣಾಗುತ್ತದೆ. ಸಾರ್ವಜನಿಕ ಕೋಣೆ ಹಾಗೆ ತಾನೇ ಬರುವುದಿಲ್ಲ. ಕೊಳ್ಳುವವರೂ ಮಾರುವವರೂ ಒಟ್ಟಾಗಿ ಕೇಳಬೇಕು.